ಬೈಪಾಸ್ ಆದ ಮೇಲೆ ಮನೆಯಲ್ಲಿ ಮೊದಲ ಮೂರು ತಿಂಗಳು

ಹೃದಯದ ಬೈಪಾಸ್ ಆಪರೇಷನ್ನಿನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಕೊನೆಗೆ ತಂತಿಯಿಂದ ಬಿಗಿದಿರುತ್ತಾರೆ. ಅದು ಗಟ್ಟಿಯಾಗಿ ಕೂಡಲು 8ರಿಂದ 12 ವಾರ ಬೇಕು. ಮೇಲಿನ ಗಾಯ ಒಣಗಿತಲ್ಲ, ಒಳಗೂ ವಾಸಿಯಾಗಿದೆ ಅಂದುಕೊಳ್ಳುವುದೇ ಮೊದಲ ತಪ್ಪು.

ಅಲ್ಲಿಯವರೆಗೆ 2–3 ಕೆಜಿಗಿಂತ ಹೆಚ್ಚು ಎತ್ತಬೇಡಿ. ತುಂಬಿದ ಕೊಡ 10 ಕೆಜಿ ದಾಟುತ್ತದೆ. ಅರ್ಧ ಖಾಲಿಯಾದ ಗ್ಯಾಸ್ ಸಿಲಿಂಡರೂ 20 ಕೆಜಿ ಮೇಲೆ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವಾಗ ಎರಡೂ ಅಂಗೈಯ ಬಲ ಎದೆಗೇ ಹೋಗುತ್ತದೆ. ಮೂರು ತಿಂಗಳು ಖಡಕ್ ರೊಟ್ಟಿ ಕೊಂಡು ತಂದರೆ ಮನೆತನದ ಮರ್ಯಾದೆ ಹೋಗದು.

ಹಾಸಿಗೆಯಿಂದ ಏಳುವಾಗ ಎದೆಗೆ ದಿಂಬು ಅವುಚಿ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ. ಆ ಭಾರಕ್ಕೇ ಮೈ ಮೇಲೇಳಲಿ. ಮನೆಯವರು ರಟ್ಟೆ ಹಿಡಿದು ಎಳೆಯಬಾರದು, ಬೆನ್ನಿಗೆ ಕೈ ಕೊಡಬೇಕು. ಕೆಮ್ಮುವಾಗಲೂ ದಿಂಬು ಬೇಕು. ನೆಲದ ಮೇಲೆ ಕೂತರೆ ಏಳಲು ಕೈ ಊರಲೇಬೇಕಾಗುತ್ತದೆ, ಹಾಗಾಗಿ ಊಟಕ್ಕೆ ಕುರ್ಚಿ, ಶೌಚಕ್ಕೆ ಕಮೋಡ್ ಇರಲಿ. ಹೃದಯಕ್ಕೆ ಜೋಡಿಸಲು ಕಾಲಿನ ರಕ್ತನಾಳ ತೆಗೆದಿದ್ದರೆ ಆ ಕಾಲು ಬಾಯುವುದು ಸಾಮಾನ್ಯ. ಕೂತಾಗ ಸ್ಟೂಲ್ ಮೇಲೆ ಎತ್ತಿಡಿ.

ನಡಿಗೆ ದಿನಕ್ಕೆ ಎರಡು ಮೂರು ಸಲ, 5 ನಿಮಿಷದಿಂದ ಶುರು. ನಿಧಾನವಾಗಿ ಹೆಚ್ಚಿಸುತ್ತ ಆರು ವಾರಕ್ಕೆ 30 ನಿಮಿಷ. ನಡೆಯುತ್ತ ಮಾತಾಡಲು ಆಗದಿದ್ದರೆ ವೇಗ ಜಾಸ್ತಿಯಾಯಿತು. ಕಲಬುರಗಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಬೆಳಗ್ಗೆ 7ರೊಳಗೆ ಮುಗಿಸಿಬಿಡಿ. ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ ತಗೊಳ್ಳುವವರಿಗೆ ಸೆಕೆಗೆ ಬಿಪಿ ಇಳಿದು, ಎದ್ದ ಕೂಡಲೇ ಕಣ್ಣು ಕತ್ತಲೆ ಬರಬಹುದು. ತಾವಾಗಿ ಮಾತ್ರೆ ಬಿಡದೆ, ಬಿಪಿ ನೋಡಿಸಿ ಡಾಕ್ಟರಿಗೆ ಹೇಳಿ. ಎಷ್ಟು ನೀರು ಕುಡಿಯಬೇಕೆಂದೂ ಅವರನ್ನೇ ಕೇಳಿ. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆಗಳನ್ನಂತೂ "ಆರಾಮಾಗೀನಿ" ಅಂತ ನಿಲ್ಲಿಸಬೇಡಿ. ನಿಲ್ಲಿಸಿದರೆ ಹೃದಯಕ್ಕೆ ಜೋಡಿಸಿದ ಹೊಸ ನಾಳವೂ ಕಟ್ಟಿಕೊಳ್ಳಬಹುದು.

ದಿನಕ್ಕೆ ಉಪ್ಪು ಎಲ್ಲ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಂ. ಜೋಳದ ರೊಟ್ಟಿಯದೇನೂ ತಪ್ಪಿಲ್ಲ, ತಪ್ಪೆಲ್ಲ ಪಕ್ಕದಲ್ಲಿ ಬಡಿಸುವ ಉಪ್ಪಿನಕಾಯಿ, ಹಪ್ಪಳ, ಹಿಂಡಿ ಅಂದರೆ ಚಟ್ನಿಪುಡಿಯದು. ದಿನಾ ಬೆಳಗ್ಗೆ ತೂಕ ನೋಡಿ: ಒಂದೇ ದಿನಕ್ಕೆ 1 ಕೆಜಿ, ವಾರಕ್ಕೆ 2 ಕೆಜಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿರಬಹುದು. ಅದಕ್ಕೂ, 100.4 ಡಿಗ್ರಿ ಜ್ವರಕ್ಕೂ, ಗಾಯದ ಕೀವಿಗೂ, ಎದೆಮೂಳೆ ಕಟಕಟ ಅನ್ನುವುದಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಿ. ಎದೆನೋವಿನ ಜೊತೆ ಬೆವರು, ಉಬ್ಬಸ ಬಂದರೆ 108.

ಸುಮ್ಮನೆ ಅಳು, ಸಿಟ್ಟು, ನಿದ್ದೆಗೇಡು ಕೆಲವು ವಾರ ಇರುತ್ತದೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ ಡಾಕ್ಟರಿಗೆ ತಿಳಿಸಿ. ಬಾಯಿಬಿಟ್ಟು ಕೇಳಲು ಸಂಕೋಚಪಡುವ ದಾಂಪತ್ಯದ ಪ್ರಶ್ನೆಗೆ ಉತ್ತರ ಸರಳ: ಏದುಸಿರಿಲ್ಲದೆ ಎರಡು ಮಹಡಿ ಹತ್ತುವಂತಾದರೆ, ಸಾಮಾನ್ಯವಾಗಿ 6–8 ವಾರಕ್ಕೆ, ಅಡ್ಡಿಯಿಲ್ಲ. ತೋಳಿನ ಮೇಲೆ ಮಾತ್ರ ಭಾರ ಬೀಳಬಾರದು.