ಹೋಲ್ಡ್‌ನಿಂದ ಶುರು ಮಾಡಿ ನೋಡಿ

ವಿದೇಶಿ ವಿಮಾನದ ರ‍್ಯಾಂಪ್ ತಪಾಸಣೆಯನ್ನು (ವಿಮಾನ ನಿಲ್ದಾಣದಲ್ಲಿ ನಿಂತಾಗ ನಾವು ಇನ್‌ಸ್ಪೆಕ್ಟರ್‌ಗಳು ಮಾಡುವ ಸುರಕ್ಷತಾ ಪರೀಕ್ಷೆ) ಕಾಕ್‌ಪಿಟ್ ಬಿಟ್ಟು ಸರಕಿನ ಹೋಲ್ಡ್‌ನಿಂದ ಶುರು ಮಾಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಮೊದಲು ಕಾಗದ ನೋಡಪ್ಪ, ಹೋಲ್ಡ್ ಎಲ್ಲಿಗೂ ಓಡಿಹೋಗಲ್ಲ" ಅಂದರು ಹಿರಿಯರೊಬ್ಬರು. ಆದರೆ ಬಂದ ಸರಕು ಇಳಿದು ಹೊಸದು ಏರುವ ನಡುವೆ ಹೋಲ್ಡ್ ಖಾಲಿ ಇರುವುದು ಬರೀ ಇಪ್ಪತ್ತು ನಿಮಿಷ, ಅಲ್ವಾ?

ಇದನ್ನು ಕಲಿತದ್ದು ಒಂದು ಕೆಟ್ಟ ರಾತ್ರಿಯಿಂದ. ಬೆಂಗಳೂರಿಗೆ ಬಂದ ದೊಡ್ಡ ವಿಮಾನ, ಮಳೆ ಬೇರೆ. ಲೈಸೆನ್ಸ್, ಮೆಡಿಕಲ್, ಎಂಇಎಲ್ (ಯಾವ ಭಾಗ ಕೆಟ್ಟಿದ್ದರೂ ಹಾರಬಹುದು ಅನ್ನುವ ಪಟ್ಟಿ), ಟೆಕ್ ಲಾಗ್ (ವಿಮಾನದ ದೋಷ, ರಿಪೇರಿ ಬರೆಯುವ ಪುಸ್ತಕ) ಅಂತ ಮುಕ್ಕಾಲು ಗಂಟೆ ಕಾಕ್‌ಪಿಟ್‌ನಲ್ಲೇ ಕಳೆದೆ. ಕೆಳಗೆ ಇಳಿದಾಗ ಹಿಂದಿನ ಹೋಲ್ಡ್ ತುಂಬಿತ್ತು. ಬಾಗಿಲ ಪಕ್ಕದ ಲೈನಿಂಗ್, ಅಂದರೆ ಗೋಡೆಯ ಒಳಹೊದಿಕೆ, ಅಂಗೈಯಗಲ ಹರಿದಿತ್ತು. ಬೆಂಕಿ ಬಿದ್ದರೆ ಅದನ್ನು ಆರಿಸುವ ಹ್ಯಾಲಾನ್ ಅನಿಲ ಒಳಗೆ ನಿಲ್ಲಬೇಕಲ್ಲ, ಬಿಡುವ ಹಾಗಿರಲಿಲ್ಲ. ಟೇಪ್ ಹಾಕುವ ಕೆಲಸ ಹದಿನೈದು ನಿಮಿಷದ್ದು. ಆದರೆ ಕಂಟೇನರ್ ಇಳಿಸಿ ಮತ್ತೆ ಏರಿಸಲು ಎರಡು ಗಂಟೆ ಹಿಡಿಯಿತು. ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯಿತು, ಪ್ರಯಾಣಿಕರು ಹೋಟೆಲ್‌ಗೆ ಹೋದರು. ಖರ್ಚು ಲಕ್ಷಗಟ್ಟಲೆ. ಅಂತರರಾಷ್ಟ್ರೀಯ ವಿಮಾನಯಾನದ 1944ರ ಶಿಕಾಗೋ ಒಪ್ಪಂದದ 16ನೇ ವಿಧಿ ತಪಾಸಣೆಯ ಹಕ್ಕು ಕೊಡುತ್ತದೆ ನಿಜ, ಸಕಾರಣವಿಲ್ಲದೆ ತಡ ಮಾಡಬಾರದು ಅಂತಲೂ ಅದೇ ಹೇಳುತ್ತದೆ. ಹರಿದದ್ದು ಅವರ ತಪ್ಪು, ತಡವಾಗಿ ನೋಡಿದ್ದು ನನ್ನದು.

ಈಗ ಚಕ್ರಕ್ಕೆ ಚಾಕ್ (ತಡೆಗಟ್ಟೆ) ಇಟ್ಟ ಕೂಡಲೇ ಇಬ್ಬರೂ ಬೇರೆಯಾಗುತ್ತೇವೆ. ಜೊತೆಗಾರ ಮೇಲೆ ಹೋಗಿ ಬಂದ ಪೈಲಟ್‌ಗಳ ಲೈಸೆನ್ಸ್ ಮಾತ್ರ ನೋಡುತ್ತಾನೆ, ಅವರು ಹೊರಟುಬಿಡುತ್ತಾರಲ್ಲ. ನಾನು ಟೈರ್, ಬ್ರೇಕ್ ಎಷ್ಟು ಸವೆದಿದೆ ಅಂತ ತೋರಿಸುವ ಪಿನ್ ನೋಡುತ್ತಾ ಹೋಲ್ಡ್ ಬಾಗಿಲಿಗೆ ಹೋಗುತ್ತೇನೆ. ಕೊನೆಯ ಕಂಟೇನರ್ ಇಳಿಯುತ್ತಲೇ ಒಳಗೆ. ಲೈನಿಂಗ್, ನೆಲದ ಲಾಕ್, ಬಲೆ. ಕ್ಯಾಬಿನ್ ಕೆಲಸ ಕ್ಲೀನಿಂಗ್ ನಡೆಯುವಾಗ. ಟೆಕ್ ಲಾಗ್ ಕೊನೆಗೆ. ಅದರಲ್ಲಿ ಮೊದಲು ಏನು ಹುಡುಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಕಂಡದ್ದನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದೆ. ಎಪಿಯು (ನಿಂತ ವಿಮಾನಕ್ಕೆ ವಿದ್ಯುತ್ ಕೊಡುವ ಬಾಲದ ಸಣ್ಣ ಎಂಜಿನ್) ಸದ್ದಿನಲ್ಲಿ ಒಂದು ಪದವೂ ಕೇಳಲಿಲ್ಲ. ತಲೆಗೆ ಕಟ್ಟುವ ಲೈಟ್‌ಗೆ ಸುಮಾರು ಎರಡು ಸಾವಿರ ಕೈಯಿಂದ ಹಾಕಿದೆ, ಅದೂ ದಂಡ. ಬೆಳಕು ನೇರ ಬಿದ್ದರೆ ಬಿಳಿ ಲೈನಿಂಗ್‌ನಲ್ಲಿ ಸೀಳು ಕಾಣುವುದೇ ಇಲ್ಲ. ಸಾಮಾನ್ಯ ಟಾರ್ಚನ್ನೇ ಗೋಡೆಗೆ ಓರೆಯಾಗಿ ಹಿಡಿದರೆ ಕೂದಲೆಳೆಯಷ್ಟು ಸೀಳೂ ನೆರಳು ಬಿಡುತ್ತದೆ.

ಎರಡು ವರ್ಷದಲ್ಲಿ ಹೀಗೆ ಎಪ್ಪತ್ತು, ಎಂಬತ್ತು ವಿಮಾನ ನೋಡಿರಬೇಕು. ಲೈನಿಂಗ್ ಹರಿದದ್ದು ಆರೇಳು ಸಲ ಸಿಕ್ಕಿದೆ. ಅಷ್ಟೂ ಸಲ ಹೋಲ್ಡ್ ಖಾಲಿ ಇದ್ದಾಗಲೇ ಸರಿಮಾಡಿಸಿ, ಹೊತ್ತಿಗೆ ಸರಿಯಾಗಿ ಕಳಿಸಿದ್ದೇವೆ. ಕಾಗದ ಮೊದಲು ಅಂದಿದ್ದ ಆ ಹಿರಿಯರು ಹೋದ ತಿಂಗಳು ವಿಮಾನ ನಿಲ್ಲುವ ಬೇಯಲ್ಲಿ ಸಿಕ್ಕರು. ಅವರ ಕೈಯಲ್ಲೂ ಟಾರ್ಚ್ ಇತ್ತು, ನೇರ ಹೋಲ್ಡ್ ಕಡೆ ನಡೆದರು.