ಹಳೇ ಲ್ಯಾಪ್‌ಟಾಪಲ್ಲಿ ಡಾಸ್ ಗೇಮಿಗೆ ಸೌಂಡ್ ಬರ್ತಿಲ್ವಾ? ಹೀಗೆ ಮಾಡಿ ನೋಡಿ

ವಿಂಡೋಸ್‌ಗೂ ಮುಂಚೆ ಕಂಪ್ಯೂಟರ್ ನಡೆಸ್ತಿದ್ದ ಡಾಸ್ ಸಿಸ್ಟಮಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್ ಆಡಿದವ್ರಿಗೆ ಗೊತ್ತಿರತ್ತೆ, ನೆಲದಲ್ಲಿರೋ ಆ ಒಂದು ಕಲ್ಲು ತುಳಿದ್ರೆ ಗೇಟು ಮೇಲೇಳತ್ತೆ, ಆಮೇಲೆ ಟಕ್ ಟಕ್ ಅಂತ ನಿಧಾನಕ್ಕೆ ಇಳಿಯೋಕೆ ಶುರು ಮಾಡತ್ತೆ, ಆ ಸದ್ದು ಕೇಳ್ಕೊಂಡೇ ನಾವು ಇನ್ನೆಷ್ಟು ಟೈಮಿದೆ ಅಂತ ಲೆಕ್ಕ ಹಾಕಿ ಓಡೋದು. ಸೌಂಡೇ ಇಲ್ಲ ಅಂದ್ರೆ ಅರ್ಧ ಆಟ ಹೋದ ಹಾಗೆ. ಹೋದ ವರ್ಷ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪೆಂಟಿಯಂ ಲ್ಯಾಪ್‌ಟಾಪ್ ಸಿಕ್ತು, ವಿಂಡೋಸ್ 98 ಇತ್ತು, ಸ್ಕ್ರೀನ್ ಚೆನ್ನಾಗಿತ್ತು, ಮನೆಗೆ ತಂದು ಪ್ರಿನ್ಸ್ ಹಾಕಿ ಅಕ್ಕನ ಮಗನ ಮುಂದೆ ಇಟ್ಟೆ. ಐದು ನಿಮಿಷ ಆಡಿ "ಮಾಮ, ಇದಕ್ಕೆ ಸೌಂಡೇ ಇಲ್ವಾ?" ಅಂತ ಕೇಳ್ದ. ಎರಡು ಸಂಜೆ ಕೂತೆ. ಕೊನೆಗೆ ನೋಡಿದ್ರೆ ಸೌಂಡ್ ಚಿಪ್ಪೂ ಸರಿ ಇತ್ತು, ಗೇಮೂ ಸರಿ ಇತ್ತು, ಮೂರು ನಂಬರ್ ವಿಷಯದಲ್ಲಿ ಮಾತ್ರ ಇಬ್ಬರಿಗೂ ತಾಳೆ ಆಗ್ತಿರಲಿಲ್ಲ. ಹಾಗಾಗಿ ಸೌಂಡ್ ಬರಲ್ಲ ಅಂತ ಹಳೇ ಲ್ಯಾಪ್‌ಟಾಪನ್ನ ಗುಜರಿಗೆ ಹಾಕೋ ಮುಂಚೆ ದಯವಿಟ್ಟು ಇದೊಂದು ಸಲ ಓದಿ.

ಮೊದ್ಲು ಸ್ಪೀಕರ್ ಬದುಕಿದ್ಯಾ ನೋಡಿ

ಡಾಸ್ ಪ್ರಾಂಪ್ಟಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಪ್ಪು ಪರದೆಯಲ್ಲಿ, ಎಕೋ (ECHO) ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಕಂಟ್ರೋಲ್ ಹಿಡ್ಕೊಂಡು ಜಿ ಒತ್ತಿ ಎಂಟರ್ ಕೊಡಿ. ಬೀಪ್ ಅಂದ್ರೆ ಸ್ಪೀಕರ್ ಚೆನ್ನಾಗಿದೆ. ಬರಲಿಲ್ಲ ಅಂದ್ರೆ ಹೆಡ್‌ಫೋನ್ ಹಾಕಿ ನೋಡಿ. ಹೆಡ್‌ಫೋನಲ್ಲಿ ಬಂದು ಸ್ಪೀಕರಲ್ಲಿ ಬರದೇ ಇದ್ರೆ ಬಹಳ ಸಲ ತಪ್ಪು ಜಾಕಿಂದೇ, ಅದರೊಳಗೆ ಒಂದು ಸಣ್ಣ ತಗಡಿನ ಪಟ್ಟಿ ಇರತ್ತೆ, ಪಿನ್ ಹಾಕಿದಾಗ ಅದು ದೂರ ಸರಿದು ಸ್ಪೀಕರನ್ನ ಬಂದ್ ಮಾಡತ್ತೆ, ವರ್ಷಗಟ್ಟಲೆ ಧೂಳು ತುಕ್ಕು ಕೂತ್ರೆ ವಾಪಸ್ ಸರಿಯಾಗಿ ತಾಗಲ್ಲ. ಪಿನ್ನನ್ನ ಹತ್ತು ಹದಿನೈದು ಸಲ ಹಾಕಿ ತೆಗೆದ್ರೆ ಎಷ್ಟೋ ಸಲ ಸರಿಹೋಗತ್ತೆ. ಪಕ್ಕದಲ್ಲಿ ತಿರುಗಿಸೋ ವಾಲ್ಯೂಮ್ ಚಕ್ರ ಇದ್ರೆ ಅದನ್ನೂ ಈ ತುದಿಯಿಂದ ಆ ತುದಿಗೆ ಸುಮಾರು ಸಲ ತಿರುಗಿಸಿ. ನನ್ನ ಲ್ಯಾಪ್‌ಟಾಪಲ್ಲಿ ಆ ಚಕ್ರದ ಮೂರನೇ ಒಂದು ಭಾಗದಲ್ಲಿ ಮಾತ್ರ ಸೌಂಡ್ ಬರ್ತಿತ್ತು, ಬಾಕಿ ಕಡೆ ಬರೀ ಕರಕರ. ಅಡಾಪ್ಟರ್, ಬ್ಯಾಟರಿ ಎರಡೂ ತೆಗೆದು ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಿಟ್ಟು ತಿರುಗಿಸಿ, ಪೂರ್ತಿ ಆರಿದ್ಮೇಲೆ ಆನ್ ಮಾಡ್ದೆ, ಸರಿಹೋಯ್ತು.

ಬಿಚ್ಚಿದಾಗ ಮೀನಿನ ವಾಸನೆ ಬಂದ್ರೆ ಮಾತ್ರ ಅಲ್ಲೇ ನಿಲ್ಲಿಸಿ. 90ರ ದಶಕದ ಶುರುವಿನ ಬೋರ್ಡುಗಳಲ್ಲಿರೋ ಸಣ್ಣ ಅಲ್ಯೂಮಿನಿಯಂ ಕೆಪಾಸಿಟರ್‌ಗಳು ಸೋರಿದ್ರೆ ಆ ಥರ ವಾಸನೆ ಬರತ್ತೆ, ಆ ದ್ರವ ತಾಮ್ರದ ಗೆರೆಗಳನ್ನ ತಿಂದುಹಾಕತ್ತೆ. ಆಗ ಸಾಫ್ಟ್‌ವೇರ್ ಏನೂ ಮಾಡಕ್ಕಾಗಲ್ಲ, ಬೋರ್ಡ್ ರಿಪೇರಿ ಗೊತ್ತಿರೋವ್ರ ಹತ್ರ ಕೊಟ್ಟು ಕೆಪಾಸಿಟರ್ ಬದಲಾಯಿಸಬೇಕು.

ಆ ಮೂರು ನಂಬರ್

1987ರಲ್ಲಿ ಆಡ್‌ಲಿಬ್ ಅನ್ನೋ ಸೌಂಡ್ ಕಾರ್ಡ್ ಬಂತು, ಅದರಲ್ಲಿ ಯಮಾಹಾದ ಒಂದು ಸಂಗೀತದ ಚಿಪ್. 1989ರಲ್ಲಿ ಸಿಂಗಾಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಕಾರ್ಡ್ ತಂತು, ಅದರಲ್ಲಿ ಸಂಗೀತದ ಜೊತೆಗೆ ರೆಕಾರ್ಡ್ ಮಾಡಿದ ಸದ್ದೂ ಬರ್ತಿತ್ತು. ಆಮೇಲೆ ಗೇಮ್ ಬರೆಯೋವ್ರೆಲ್ಲ ಸೌಂಡ್ ಬ್ಲಾಸ್ಟರನ್ನೇ ನಂಬಿ ಬರೆದ್ರು. ಲ್ಯಾಪ್‌ಟಾಪಲ್ಲಿ ಸಾಮಾನ್ಯವಾಗಿ ಇರೋದು ಅಸಲಿ ಬ್ಲಾಸ್ಟರ್ ಅಲ್ಲ, ಅದರ ಹಾಗೇ ನಡ್ಕೊಳ್ಳೋ ಬೇರೆ ಚಿಪ್. ತೋಶಿಬಾ ಸ್ಯಾಟಲೈಟ್‌ಗಳಲ್ಲಿ ಯಮಾಹಾ ಒಪಿಎಲ್3-ಎಸ್‌ಎ, ಎಷ್ಟೋ ಥಿಂಕ್‌ಪ್ಯಾಡ್‌ಗಳಲ್ಲಿ ಕ್ರಿಸ್ಟಲ್, ನನ್ನದರಲ್ಲಿ ಇಎಸ್‌ಎಸ್ ಆಡಿಯೋಡ್ರೈವ್.

ಇಂಥ ಚಿಪ್ಪನ್ನ ಗೇಮು ಹುಡುಕೋದು ಮೂರು ನಂಬರಿಂದ. ಪೋರ್ಟ್ ಅಂದ್ರೆ ಚಿಪ್ಪಿನ ಮನೆ ವಿಳಾಸ, ಸಾಮಾನ್ಯವಾಗಿ 220. ಐಆರ್‌ಕ್ಯೂ ಅಂದ್ರೆ ಒಂದು ತುಣುಕು ನುಡಿಸಿ ಆದ್ಮೇಲೆ "ಮುಂದಿನದು ಕೊಡು" ಅಂತ ಚಿಪ್ಪು ಪ್ರೊಸೆಸರ್‌ಗೆ ಹೊಡೆಯೋ ಗಂಟೆ, ಅದು 5 ಅಥವಾ 7. ಡಿಎಂಎ ಅಂದ್ರೆ ಪ್ರೊಸೆಸರ್‌ಗೆ ತೊಂದರೆ ಕೊಡದೆ ಮೆಮೊರಿಯಿಂದ ಚಿಪ್ಪಿಗೆ ಸೌಂಡ್ ಹರಿಯೋ ದಾರಿ, ಹೆಚ್ಚಾಗಿ 1.

ನಿಮ್ಮ ಲ್ಯಾಪ್‌ಟಾಪಿನ ನಂಬರ್ ಕಂಡುಹಿಡಿಯೋಕೆ ವಿಂಡೋಸ್ 98ರಲ್ಲಿ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಡಿವೈಸ್ ಮ್ಯಾನೇಜರಲ್ಲಿ ಸೌಂಡ್ ಸಾಲು ಬಿಚ್ಚಿ, ಚಿಪ್ಪಿನ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ರಿಸೋರ್ಸಸ್ ಟ್ಯಾಬ್ ನೋಡಿ. ಒಂದು ಚೀಟಿಲಿ ಬರ್ಕೊಳ್ಳಿ. ಆಮೇಲೆ ಕಂಪ್ಯೂಟರ್ ಆನ್ ಆದಾಗ ತಾನೇ ಓಡೋ ಆಟೋಎಕ್ಸೆಕ್ ಡಾಟ್ ಬ್ಯಾಟ್ (AUTOEXEC.BAT) ಫೈಲಲ್ಲಿ ಈ ಸಾಲು ಹಾಕಿ, ನಂಬರ್ ಮಾತ್ರ ನಿಮ್ಮ ಚೀಟಿಯದ್ದು, ಇಂಗ್ಲಿಷ್ ದೊಡ್ಡಕ್ಷರದಲ್ಲಿ: ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಟಿ4 (SET BLASTER=A220 I5 D1 T4). ಎ ಪೋರ್ಟ್, ಐ ಗಂಟೆ, ಡಿ ದಾರಿ, ಟಿ4 ಅಂದ್ರೆ ಸೌಂಡ್ ಬ್ಲಾಸ್ಟರ್ ಪ್ರೋ 2. ಈಕ್ವಲ್ ಚಿಹ್ನೆಯ ಆಚೆ ಈಚೆ ಸ್ಪೇಸ್ ಬಿಡಬೇಡಿ, ಬಿಟ್ರೆ ಗೇಮಿಗೆ ಆ ಸಾಲು ಕಾಣಲ್ಲ. ವಿಂಡೋಸಿಂದ "ರೀಸ್ಟಾರ್ಟ್ ಇನ್ ಎಂಎಸ್-ಡಾಸ್ ಮೋಡ್" ಕೊಟ್ಟು ಹೋಗೋವ್ರು ವಿಂಡೋಸ್ ಫೋಲ್ಡರಲ್ಲಿರೋ ಡಾಸ್‌ಸ್ಟಾರ್ಟ್ ಡಾಟ್ ಬ್ಯಾಟಲ್ಲೂ ಇದನ್ನ ಹಾಕಿ, ಆಗ ಓಡೋದು ಆ ಫೈಲು.

ಆದ್ರೆ ಈ ಸಾಲು ಗೇಮಿಗೆ ವಿಳಾಸ ಹೇಳತ್ತೆ ಅಷ್ಟೇ, ಚಿಪ್ಪನ್ನ ಎಬ್ಬಿಸಲ್ಲ. ನಾನು ಒಂದು ಸಂಜೆ ಪೂರ್ತಿ ಕಳೆದಿದ್ದು ಇಲ್ಲೇ. ಸಾಫ್ಟ್‌ವೇರಿಂದಲೇ ನಂಬರ್ ಕೊಡಬೇಕಾದ ಪ್ಲಗ್ ಅಂಡ್ ಪ್ಲೇ ಚಿಪ್ಪುಗಳನ್ನ ವಿಂಡೋಸ್ ತಾನೇ ಎಬ್ಬಿಸತ್ತೆ, ಬರೀ ಡಾಸಲ್ಲಿ ಎಬ್ಬಿಸೋವ್ರೇ ಇರಲ್ಲ, ಕೆಲವು ಸಲ ಎದ್ದಿದ್ರೂ ವಾಲ್ಯೂಮ್ ಸೊನ್ನೆಯಲ್ಲಿರತ್ತೆ. ಚಿಪ್ ಕಂಪನಿಯ ಡಾಸ್ ಡ್ರೈವರ್ ಸಿಕ್ರೆ ಅದನ್ನ ಬಳಸಿ. ಸಿಗಲಿಲ್ಲ ಅಂದ್ರೆ ಯೂನಿಸೌಂಡ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ, ಬ್ಲಾಸ್ಟರ್ ಸಾಲು ಓದಿ ಚಿಪ್ಪನ್ನ ಅದೇ ನಂಬರಿಗೆ ಕೂರಿಸತ್ತೆ, ಕೆಲಸ ಮುಗಿಸಿ ಮೆಮೊರಿಯಿಂದ ಪೂರ್ತಿ ಹೊರಗೆ ಹೋಗತ್ತೆ. 640 ಕೆಬಿ ಮೆಮೊರಿಯಲ್ಲಿ ಒಂದೊಂದು ಕೆಬಿಗೂ ಒದ್ದಾಡೋ ಡಾಸಲ್ಲಿ ಅದು ದೊಡ್ಡ ಉಪಕಾರ. ಸೆಟ್ ಬ್ಲಾಸ್ಟರ್ ಸಾಲಿನ ಕೆಳಗೆ ಅದರ ಹೆಸರು ಬರೆದ್ರೆ ಸಾಕು.

ಈಗ ಗೇಮಿನ ಸೆಟಪ್

ಡೂಮ್ ಥರದ ಗುಂಡು ಹಾರಿಸೋ ಗೇಮಲ್ಲಿ ಸೆಟಪ್ ಪ್ರೋಗ್ರಾಂ ಬೇರೆ ಇರತ್ತೆ. ಮ್ಯೂಸಿಕ್ ಕಾರ್ಡ್ ಕೇಳಿದಾಗ ಜನರಲ್ ಮಿಡಿ ಆರಿಸಬೇಡಿ, ಹೊರಗೆ ಮಿಡಿ ಯಂತ್ರ ಜೋಡಿಸದೆ ಅದು ನುಡಿಯಲ್ಲ, ಸೌಂಡ್ ಬ್ಲಾಸ್ಟರ್ ಅಥವಾ ಆಡ್‌ಲಿಬ್ ಕೊಡಿ. ಲಿಸ್ಟಲ್ಲಿ ಸೌಂಡ್ ಬ್ಲಾಸ್ಟರ್ 16 ಕಂಡ್ರೂ ಆಸೆ ಪಡಬೇಡಿ, ಲ್ಯಾಪ್‌ಟಾಪಿನ ಈ ಚಿಪ್ಪುಗಳು ನಕಲು ಮಾಡೋದು ಪ್ರೋವನ್ನ. ಡೂಮ್ ಈ ನಂಬರುಗಳನ್ನ ಡೀಫಾಲ್ಟ್ ಡಾಟ್ ಸಿಎಫ್‌ಜಿ ಫೈಲಲ್ಲಿ ಬರೆದಿಡತ್ತೆ. ಅದನ್ನ ತೆರೆದಾಗ ಪೋರ್ಟ್ ಜಾಗದಲ್ಲಿ 544 ಅಂತಿದ್ರೆ ಗಾಬರಿ ಬೇಡ, 220 ಅನ್ನೋದು ಹದಿನಾರರ ಲೆಕ್ಕ, ನಮ್ಮ ಹತ್ತರ ಲೆಕ್ಕದಲ್ಲಿ ಅದೇ 544.

ಇನ್ನೂ ಸರಿ ಇಲ್ಲ ಅಂದ್ರೆ ಕಿವಿಗೊಟ್ಟು ಕೇಳಿ, ಯಾವ ನಂಬರ್ ತಪ್ಪು ಅಂತ ಸದ್ದೇ ಹೇಳತ್ತೆ. ಗುಂಡಿನ ಸದ್ದು ಶುರುವಾಗಿ ಒಂದೇ ಚೂರು ಢರ್ ಢರ್ ಢರ್ ಅಂತ ನಿಲ್ಲದೆ ಬರ್ತಿದ್ರೆ ಐಆರ್‌ಕ್ಯೂ ತಪ್ಪು: ಚಿಪ್ಪು ಗಂಟೆ ಹೊಡೀತಿದೆ, ಗೇಮು ಬೇರೆ ಬಾಗಿಲಲ್ಲಿ ಕಾಯ್ತಿದೆ, ಹೊಸ ತುಣುಕು ಬರದೆ ಹಳೇದೇ ಸುತ್ತುತ್ತಿದೆ. 7 ಇದ್ರೆ 5 ಮಾಡಿ, ಯಾಕಂದ್ರೆ 7 ಪ್ರಿಂಟರ್ ಪೋರ್ಟಿನ ಪಾಲು. 7 ಬಿಟ್ಟು ಬೇರೆ ಆಗಲ್ಲ ಅಂದ್ರೆ ಬಯಾಸಿಗೆ (ಕಂಪ್ಯೂಟರ್ ಆನ್ ಆಗ್ತಿದ್ದ ಹಾಗೆ ತೆರೆಯೋ ಸೆಟ್ಟಿಂಗ್ಸ್ ಪರದೆಗೆ) ಹೋಗಿ ಪ್ಯಾರಲಲ್ ಪೋರ್ಟನ್ನ, ಅಂದ್ರೆ ಆ ಪ್ರಿಂಟರ್ ಪೋರ್ಟನ್ನ, ಡಿಸೇಬಲ್ ಮಾಡಿ. ಮ್ಯೂಸಿಕ್ ಬಂದು ಗುಂಡಿನ ಸದ್ದು ಮಾತ್ರ ಇಲ್ಲದಿದ್ರೆ ಪೋರ್ಟ್ ಇಲ್ಲಾ ಡಿಎಂಎ ನೋಡಿ, ಮ್ಯೂಸಿಕ್ ಬರೋ ವಿಳಾಸ 388 ಬೇರೆ, ಅದಕ್ಕೆ ಈ ಗಂಟೆ ದಾರಿ ಯಾವ್ದೂ ಬೇಡ. ನನ್ನದರಲ್ಲಿ ಇದೇ ಆಗಿತ್ತು, ಚೀಟಿಲಿ ಡಿಎಂಎ 1 ಅಂತಿತ್ತು, ಸೆಟಪಲ್ಲಿ 3 ಕೊಟ್ಟಿದ್ದೆ.

ಡೇಂಜರಸ್ ಡೇವ್ ಗೇಮ್ ಆಡೋವ್ರಿಗೆ ಇದ್ಯಾವ್ದೂ ಬೇಡ, ಅದಕ್ಕಿರೋದು ಪಿಸಿ ಸ್ಪೀಕರ್ ಸದ್ದು ಮಾತ್ರ, ಬೀಪ್ ಬಂದಿದ್ರೆ ಡೇವೂ ಕೂಗತ್ತೆ.

ಸ್ವಲ್ಪ ಹೊಸ ಲ್ಯಾಪ್‌ಟಾಪ್ ಆದ್ರೆ

2000ದ ನಂತರದ ಲ್ಯಾಪ್‌ಟಾಪಲ್ಲಿ ಎಸಿ97 ಅಥವಾ ಎಚ್‌ಡಿ ಆಡಿಯೋ ಅನ್ನೋ ಥರದ ಸೌಂಡ್ ಚಿಪ್ ಇರತ್ತೆ, ಅವಕ್ಕೆ ಸೌಂಡ್ ಬ್ಲಾಸ್ಟರ್ ಅಂದ್ರೇನು ಅಂತಲೇ ಗೊತ್ತಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ರೆ ಡಾಸ್‌ಬಾಕ್ಸ್ ಅನ್ನೋ ಪ್ರೋಗ್ರಾಂ ಹಾಕ್ಕೊಳ್ಳಿ, ಆದ್ರೆ ಅದು ಇಡೀ ಕಂಪ್ಯೂಟರನ್ನೇ ನಕಲು ಮಾಡೋದ್ರಿಂದ ಪೆಂಟಿಯಂ 3ರಲ್ಲಿ ಪ್ರಿನ್ಸ್ ಓಡತ್ತೆ, ಡೂಮ್ ತೆವಳತ್ತೆ. ಅಸಲಿ ಡಾಸಲ್ಲೇ ಆಡಬೇಕು ಅನ್ನೋವ್ರಿಗೆ ಎಸ್‌ಬಿಇಎಂಯು (SBEMU) ಅನ್ನೋ ಪ್ರೋಗ್ರಾಂ ಇದೆ, ಅದು ಗೇಮು 220ಕ್ಕೆ ಬರೆಯೋದನ್ನ ಮಧ್ಯದಲ್ಲೇ ಹಿಡಿದು ಹೊಸ ಚಿಪ್ಪಿಗೆ ದಾಟಿಸತ್ತೆ, ಜೊತೆಗೆ ಜೆಮ್‌ಎಕ್ಸ್ ಅನ್ನೋ ಮೆಮೊರಿ ಮ್ಯಾನೇಜರ್ ಬೇಕು. ಎಲ್ಲಾ ಚಿಪ್ಪಿಗೂ ಆಗಲ್ಲ, ಮೊದ್ಲು ಒಂದು ಪೆನ್‌ಡ್ರೈವಿಂದ ಬೂಟ್ ಮಾಡಿ ಟ್ರೈ ಮಾಡಿ. ಮತ್ತೆ ಮೊದಲ ಸಲ ಟೆಸ್ಟ್ ಮಾಡುವಾಗ ಹೆಡ್‌ಫೋನ್ ಕಿವಿಗೆ ಹಾಕಬೇಡಿ, ಮೇಜಿನ ಮೇಲೆ ಇಟ್ಟು ಕೇಳಿ, ಎಷ್ಟು ಜೋರಾಗಿ ಶುರುವಾಗತ್ತೆ ಅಂತ ಮುಂಚೆ ಗೊತ್ತಾಗಲ್ಲ.