ಕೌಂಟರ್ ಮುಂದೆ ವ್ಯಾಕ್ಸಿನ್ ಜಗಳ: ಹಾಸನದ ಆ ಜುಲೈ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನನ್ನ ಮೆಡಿಕಲ್ ಶಾಪ್ ಇದೆ. ಬಸ್ ಸ್ಟ್ಯಾಂಡಿಗೆ ಹತ್ತಿರ, ಪಕ್ಕದಲ್ಲೇ ಟೀ ಅಂಗಡಿ. ಅಲ್ಲಿ ಶುರುವಾದ ರಾಜಕೀಯ ಟೀ ಮುಗಿದ ಮೇಲೆ ನನ್ನ ಕೌಂಟರಿಗೆ ಬರುತ್ತದೆ. ಮಾಮೂಲಿ ದಿನಗಳಲ್ಲಿ ನಾನು ಬಾಯಿ ಹಾಕುವುದಿಲ್ಲ. ಮೂರೂ ಪಕ್ಷದವರು ನನ್ನ ಗಿರಾಕಿಗಳು, ನನಗ್ಯಾಕೆ ಊರ ಉಸಾಬರಿ? ಆದರೆ 2025ರ ಜುಲೈನಲ್ಲಿ ಸುಮ್ಮನಿರಲು ಆಗಲಿಲ್ಲ.

ಆ ದಿನಗಳು ನೆನಪಿರಬೇಕಲ್ಲ. ‘ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ’ ಅಂತ ಟಿವಿಯವರು ಕ್ರಿಕೆಟ್ ಸ್ಕೋರ್ ಹಾಗೆ ದಿನಾ ಲೆಕ್ಕ ಕೊಡುತ್ತಿದ್ದರು. ಒಂದೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಕ್ಯೂ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿಗೆ ಹತ್ತು ದಿನದಲ್ಲಿ ವರದಿ ಕೊಡಲು ಹೇಳಿದರು. ಜೊತೆಗೆ, ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಜನರಿಗೆ ಹಾಕಿದ್ದೂ ಈ ಸಾವುಗಳಿಗೆ ಒಂದು ಕಾರಣ ಇರಬಹುದು ಅಂದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಇಲ್ಲ ಅಂತ ಹೇಳಿಕೆ ಕೊಟ್ಟಿತು. ಇಷ್ಟು ಸಾಕಲ್ವಾ ನಮ್ಮವರಿಗೆ? ಹೃದಯದ ವಿಷಯ ಸಂಜೆಯೊಳಗೆ ಪಕ್ಷದ ವಿಷಯ ಆಯಿತು.

ನಾನು ಬಾಯಿ ತೆರೆದದ್ದಕ್ಕೆ ಕಾರಣ ಜಗಳವಲ್ಲ, ಜನ ಕೇಳುತ್ತಿದ್ದ ಮಾತ್ರೆ. ‘ಒಂದು ಶೀಟ್ ಎಕೋಸ್ಪ್ರಿನ್ ಕೊಡಿ, ರಕ್ತ ತೆಳುವಾಗಲಿ’ ಅಂತ ಚೀಟಿ ಇಲ್ಲದೆ ಬರುವವರು ಜಾಸ್ತಿಯಾದರು. ಎಕೋಸ್ಪ್ರಿನ್ ಅಂದರೆ ಆಸ್ಪಿರಿನ್ ಮಾತ್ರೆ. ಯಾಕೆ ಅಂದರೆ ‘ವ್ಯಾಕ್ಸಿನ್ ಹಾಕಿಸಿಕೊಂಡಿದ್ದೀನಲ್ಲ, ರಕ್ತ ಗಟ್ಟಿಯಾಗಿದೆಯಂತೆ’ ಎನ್ನುವ ಉತ್ತರ. ಹೊಟ್ಟೆ ಹುಣ್ಣಿದ್ದವರು ಸುಮ್ನೆ ಆಸ್ಪಿರಿನ್ ನುಂಗಿದರೆ ಒಳಗೇ ರಕ್ತ ಸೋರಬಹುದು. ಇನ್ನು ಕೆಲವರು ದಿನಾ ತೆಗೆದುಕೊಳ್ಳುವ ಬಿಪಿ ಮಾತ್ರೆ ಬಿಟ್ಟು, ವ್ಯಾಕ್ಸಿನ್ ವಿಷ ತೆಗೆಯುವ ಕಷಾಯ ಹಿಡಿದಿದ್ದರು. ಇಂಥವರನ್ನು ಹಾಗೇ ಕಳಿಸಲು ಮನಸ್ಸು ಬರಲಿಲ್ಲ.

ನಮ್ಮ ಕಡೆ ಈ ಜಗಳಕ್ಕೆ ಒಂದು ತಮಾಷೆಯ ಹಿನ್ನೆಲೆ ಇದೆ. 2021ರ ಮೇ ತಿಂಗಳಲ್ಲಿ ಇದೇ ಕಾಂಗ್ರೆಸ್ ಗಿರಾಕಿಗಳು ‘ವ್ಯಾಕ್ಸಿನ್ ಎಲ್ಲಿ, ಕೊಡೋ ಯೋಗ್ಯತೆ ಇಲ್ವಾ’ ಅಂತ ಬಿಜೆಪಿಯವರ ಮೇಲೆ ಎಗರಾಡುತ್ತಿದ್ದರು. ಅವರ ಪಕ್ಷ ಆಗ 100 ಕೋಟಿ ರೂಪಾಯಿ ಹೊಂದಿಸಿ ತಾನೇ ಲಸಿಕೆ ಕೊಳ್ಳುತ್ತೇನೆ ಅಂತಲೂ ಹೇಳಿತ್ತು. ದಳದವರೂ ಆಗ ಕೇಂದ್ರವನ್ನು ಬೈಯುವ ಸಾಲಿನಲ್ಲೇ ಇದ್ದರು. 2023ರಲ್ಲಿ ದಳ ಬಿಜೆಪಿ ಕೈ ಹಿಡಿಯಿತು. 2025ಕ್ಕೆ ನೋಡಿದರೆ ಲಸಿಕೆಯನ್ನು ಕೇಳಿದವರು ಅನುಮಾನಿಸುತ್ತಿದ್ದರು, ಬೈದವರು ಸಮರ್ಥಿಸುತ್ತಿದ್ದರು. ಅದೇ ಜನ, ಅದೇ ಬೆಂಚು. ಇದನ್ನು ನಾನು ಯಾರ ಮುಖಕ್ಕೂ ಹೇಳಲಿಲ್ಲ. ಹೇಳಿದರೆ ನಗು ಬರುತ್ತದೆ, ಆದರೆ ಎದುರಿನವರು ಹಟಕ್ಕೆ ಬೀಳುತ್ತಾರೆ.

ನಾನು ಇಟ್ಟುಕೊಂಡ ಕ್ರಮ ಒಂದೇ. ರಾಜಕೀಯದ ದೂರು ಬೇರೆ, ಮೈಯ ಪ್ರಶ್ನೆ ಬೇರೆ. ದೂರಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲೇ ಒಪ್ಪಿಬಿಡುವುದು. ಆಮೇಲೆ ಮೈಯ ಪ್ರಶ್ನೆಗೆ ಬರುವುದು.

ದೂರಿನಲ್ಲಿ ನಿಜ ಇತ್ತು. ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ಒಪ್ಪಿಗೆ ಸಿಕ್ಕಾಗ ಮೂರನೇ ಹಂತದ ಪರೀಕ್ಷೆ ಇನ್ನೂ ನಡೆಯುತ್ತಿತ್ತು. ‘ಕ್ಲಿನಿಕಲ್ ಟ್ರಯಲ್ ಮೋಡ್’, ಅಂದರೆ ಪರೀಕ್ಷೆಯಲ್ಲಿ ಇಡುವ ಹಾಗೆ ನಿಗಾ ಇಟ್ಟು ಕೊಡುವುದು, ಎಂಬ ಹೊಸ ಮಾತು ಕೇಳಿದ್ದು ಆಗಲೇ. ಛತ್ತೀಸಗಢ ಸರ್ಕಾರ ಮೊದಲು ಕೋವ್ಯಾಕ್ಸಿನ್ ಬೇಡ ಅಂದಿತ್ತು. ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 4 ವಾರ ಇದ್ದದ್ದು 6ರಿಂದ 8 ಆಯಿತು, ಮೇ ತಿಂಗಳಲ್ಲಿ 12ರಿಂದ 16 ಆಯಿತು. ಲಸಿಕೆ ಸಿಗದ ಹೊತ್ತಿನಲ್ಲಿ ಅಂತರ ಹೆಚ್ಚಾದರೆ ಜನಕ್ಕೆ ಏನು ಅನ್ನಿಸಬೇಕು? ಸರ್ಟಿಫಿಕೇಟಿನಲ್ಲಿ ಪ್ರಧಾನಿ ಫೋಟೊ ಯಾಕೆ ಬೇಕಿತ್ತು ಎನ್ನುವುದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಇವನ್ನೆಲ್ಲ ಕಾಂಗ್ರೆಸ್‌ನವರ ಮುಂದೆ ‘ಹೌದು, ಸರಿ’ ಅಂತ ಒಪ್ಪಿದೆ. ಎದುರಿನವರ ಧ್ವನಿ ಅಲ್ಲಿಗೇ ಅರ್ಧ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಬಿಜೆಪಿಯವರಿಗೆ ಮಾತ್ರ ನಾನು ಪಕ್ಷಾಂತರ ಮಾಡಿದ ಹಾಗೆ ಕಾಣುತ್ತಿತ್ತು.

ಒಬ್ಬ ಆಟೋ ಡ್ರೈವರ್ ಮಾತು ಹೇಳುತ್ತೇನೆ. ನಲವತ್ತರ ಆಸುಪಾಸಿನವರು. ಲಂಡನ್ ಕೋರ್ಟಿನಲ್ಲಿ ಕಂಪನಿಯೇ ಒಪ್ಪಿಕೊಂಡಿದೆ, ರಕ್ತ ಹೆಪ್ಪುಗಟ್ಟುತ್ತದೆ, ಅದಕ್ಕೇ ಸರ್ಟಿಫಿಕೇಟಿನಿಂದ ಮೋದಿ ಫೋಟೊ ತೆಗೆದುಹಾಕಿದರು ಅಂತ ಜೋರಾಗಿ ವಾದ ಮಾಡುತ್ತಿದ್ದರು. ಅದರಲ್ಲಿ ಮೊದಲ ಭಾಗ ನಿಜ. ಅಪರೂಪಕ್ಕೆ ಟಿಟಿಎಸ್ ಬರಬಹುದು ಅಂತ ಲಸಿಕೆ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟ್ ಕಾಗದದಲ್ಲಿ ಒಪ್ಪಿದ್ದು 2024ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಟಿಟಿಎಸ್ ಅಂದರೆ ಪ್ಲೇಟ್‌ಲೆಟ್ ಇಳಿದು, ಅದರ ಜೊತೆಗೇ ರಕ್ತ ಹೆಪ್ಪುಗಟ್ಟುವುದು. ನಮ್ಮ ಕೋವಿಶೀಲ್ಡ್ ಅದೇ ಲಸಿಕೆ. ನಾನು ಇದನ್ನು ಮುಚ್ಚಿಡಲಿಲ್ಲ. ಫೋಟೊ ಕತೆ ಮಾತ್ರ ಬೇರೆ. ಆಗ ಲೋಕಸಭೆ ಚುನಾವಣೆ, ನೀತಿ ಸಂಹಿತೆ ಜಾರಿಯಲ್ಲಿತ್ತು. ಅದಕ್ಕೇ ಫೋಟೊ ಹೋಯಿತು.

‘ನೀವು ಹಾಕಿಸಿಕೊಂಡದ್ದು ಯಾವುದು?’ ಅಂತ ಕೇಳಿದೆ. ಅವರಿಗೆ ನೆನಪಿಲ್ಲ. ಮೊಬೈಲ್ ತೆಗೆದು ಹುಡುಕಿದೆವು. ಅವರ ಮಗಳು ಯಾವತ್ತೋ ಇಳಿಸಿಟ್ಟ ಸರ್ಟಿಫಿಕೇಟ್ ಸಿಕ್ಕಿತು. ಕೋವ್ಯಾಕ್ಸಿನ್, ಎರಡೂ ಡೋಸ್ 2021ರಲ್ಲೇ. ಲಂಡನ್ ಕೋರ್ಟಿಗೂ ಅವರಿಗೂ ಸಂಬಂಧವೇ ಇಲ್ಲ. ಪಕ್ಕದವರು ನಕ್ಕರು, ನಾನು ನಗಲಿಲ್ಲ. ಕೋವಿಶೀಲ್ಡ್ ಹಾಕಿಸಿಕೊಂಡಿದ್ದರೂ ಹೇಳುವುದು ಒಂದೇ ಇತ್ತು. ಟಿಟಿಎಸ್ ಬಂದರೆ ಸೂಜಿ ಚುಚ್ಚಿದ ಕೆಲವು ವಾರಗಳಲ್ಲಿ ಬರುತ್ತದೆ, ಲಕ್ಷಕ್ಕೆ ಒಬ್ಬಿಬ್ಬರಿಗೆ. ನಾಲ್ಕು ವರ್ಷ ಒಳಗೆ ಅಡಗಿ ಕೂತಿದ್ದು 2025ರ ಜೂನ್‌ನಲ್ಲಿ ಎದ್ದು ಬರುವ ಜಾತಿಯದ್ದಲ್ಲ. ಹಾಗೇ ಅಮೆರಿಕದ ವಿಡಿಯೊಗಳಲ್ಲಿ ಬರುವ ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ, ಹೆಚ್ಚಾಗಿ ಫೈಜರ್, ಮಾಡೆರ್ನಾ ಲಸಿಕೆಗಳದ್ದು. ಅವು ನಮ್ಮ ಸರ್ಕಾರಿ ಲಸಿಕೆ ಶಿಬಿರಗಳಿಗೆ ಬಂದೇ ಇಲ್ಲ.

ಆಮೇಲೆ ಅವರ ಬಿಪಿ ನೋಡಿದೆ. ಮೇಲಿನದು 160 ದಾಟಿತ್ತು. ಜೇಬಿನಲ್ಲಿ ಬೀಡಿ ಕಟ್ಟು. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಇಸಿಜಿಗೆ ಕಳಿಸಿದೆ. ವಾದದಲ್ಲಿ ಯಾರು ಗೆದ್ದರು ಅಂತ ಇಬ್ಬರೂ ಕೇಳಲಿಲ್ಲ.

ಎಲ್ಲರೂ ಹೇಳುತ್ತಿದ್ದ ಇನ್ನೊಂದು ಮಾತು: ‘ಸತ್ತವರೆಲ್ಲ ವ್ಯಾಕ್ಸಿನ್ ಹಾಕಿಸಿಕೊಂಡವರೇ.’ ನಿಜ. ಹೆಗಲು ಕೊಟ್ಟವರೂ ಹಾಕಿಸಿಕೊಂಡವರೇ, ತಿಥಿ ಊಟಕ್ಕೆ ಬಂದವರೂ ಹಾಕಿಸಿಕೊಂಡವರೇ. ದೇಶದಲ್ಲಿ ಕೊಟ್ಟದ್ದು 220 ಕೋಟಿಗೂ ಜಾಸ್ತಿ ಡೋಸ್. ಹಾಕಿಸಿಕೊಳ್ಳದ ದೊಡ್ಡವರನ್ನು ನಮ್ಮೂರಲ್ಲಿ ಹುಡುಕಿದರೆ ಸಿಗುವುದೇ ಕಷ್ಟ. ಈ ಮಾತಿಗೆ ಮಾತ್ರ ಯಾರೂ ಎದುರು ಆಡಲಿಲ್ಲ. ಅಂಕಿ ಅಂಶಕ್ಕಿಂತ ಹೆಗಲು ಕೊಟ್ಟವರ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಬುದ್ಧಿವಂತರ ಜೊತೆ ವಾದ ಇಷ್ಟು ಸುಲಭ ಇರಲಿಲ್ಲ. ನಮ್ಮಲ್ಲಿಗೆ ಸಕ್ಕರೆ ಕಾಯಿಲೆ ಮಾತ್ರೆಗೆ ಬರುವ ನಿವೃತ್ತ ಮೇಷ್ಟ್ರು ಒಬ್ಬರಿದ್ದಾರೆ. ಕಟ್ಟಾ ಕಾಂಗ್ರೆಸ್. ಅವರಿಗೆ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮಾಡಿದ ಅಧ್ಯಯನದ ಬಗ್ಗೆ ಹೇಳಿದೆ. ದೇಶದ 47 ಆಸ್ಪತ್ರೆಗಳಲ್ಲಿ, ಆರೋಗ್ಯವಾಗಿದ್ದು ಇದ್ದಕ್ಕಿದ್ದ ಹಾಗೆ ತೀರಿಕೊಂಡ 18ರಿಂದ 45 ವರ್ಷದ 729 ಜನರ ವಿವರ ತೆಗೆದಿದ್ದರು. ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಏರಿಯಾದ ನಾಲ್ಕು ಬದುಕಿರುವವರನ್ನು ಹೋಲಿಸಿ ನೋಡಿದರು. ಎರಡೂ ಡೋಸ್ ಹಾಕಿಸಿಕೊಂಡವರಲ್ಲಿ ಹಠಾತ್ ಸಾವು ಕಮ್ಮಿಯೇ ಇತ್ತು. ಜಾಸ್ತಿ ಕಂಡದ್ದು ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದವರಲ್ಲಿ, ಮನೆತನದಲ್ಲಿ ಹೀಗೇ ಯಾರಾದರೂ ಹೋಗಿದ್ದವರಲ್ಲಿ, ಸಾಯುವ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದವರಲ್ಲಿ ಅಥವಾ ವಿಪರೀತ ದೇಹ ದಂಡಿಸಿದವರಲ್ಲಿ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೇಳಿದರು: ‘ಕೋವ್ಯಾಕ್ಸಿನ್ ಮಾಡಿದ್ದು ಯಾರು? ಭಾರತ್ ಬಯೋಟೆಕ್ ಜೊತೆ ಇದೇ ಐಸಿಎಂಆರ್ ಅಲ್ವಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು.’

ಒಳ್ಳೆ ಪ್ರಶ್ನೆ. ಟೀ ಅಂಗಡಿಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನು ಐಸಿಎಂಆರ್ ಪರ ವಾದ ಮಾಡಲಿಲ್ಲ. ‘ನಿಮ್ಮ ಸರ್ಕಾರದ ಸಮಿತಿ ವರದಿ ಬರಲಿ ಸಾರ್, ಅಲ್ಲಿವರೆಗೆ ಇದನ್ನು ಪಕ್ಕಕ್ಕಿಡೋಣ’ ಅಂದೆ. ವರದಿ ಕೆಲವೇ ದಿನಗಳಲ್ಲಿ ಬಂತು. ಅವಧಿಗೆ ಮುಂಚಿನ ಹೃದಯ ಕಾಯಿಲೆಗೂ ಕೋವಿಡ್ ಸೋಂಕಿಗೂ ಲಸಿಕೆಗೂ ನೇರ ಸಂಬಂಧ ಸಿಗಲಿಲ್ಲ ಅಂತ ಜಯದೇವದವರು ಬರೆದಿದ್ದರು. ಅವರು ನೋಡಿದ್ದು ಏಪ್ರಿಲ್, ಮೇ ತಿಂಗಳಲ್ಲಿ ದಾಖಲಾದ 251 ರೋಗಿಗಳನ್ನು. ಅದರಲ್ಲಿ 111 ಜನ ಬೀಡಿ ಸಿಗರೇಟು ಸೇದುವವರು, 102 ಜನಕ್ಕೆ ಬಿಪಿ, 87 ಜನಕ್ಕೆ ಶುಗರ್. ಇದರಲ್ಲಿ ನನಗೆ ಬೇಕಾದದ್ದು ಅಂಕಿಗಿಂತ ಜಾಸ್ತಿ, ಹೇಳಿದವರು ಯಾರು ಎನ್ನುವುದು. ಅನುಮಾನ ಎತ್ತಿದ ಸರ್ಕಾರವೇ ಹೇಳಿ ಮಾಡಿಸಿದ ವರದಿ, ಆ ಅನುಮಾನಕ್ಕೆ ವಿರುದ್ಧವಾದ ಉತ್ತರ ಕೊಟ್ಟಿತ್ತು. ಕೇಂದ್ರ ಸರ್ಕಾರ ನೂರು ಸಲ ಹೇಳಿದರೂ ಮೇಷ್ಟ್ರ ಮೇಲೆ ಇಷ್ಟು ಪರಿಣಾಮ ಆಗುತ್ತಿರಲಿಲ್ಲ. ಬಿಜೆಪಿ ಗೆಳೆಯರು ಬಂದರೆ ಇದನ್ನೇ ತಿರುಗಿಸಿ ಹೇಳುತ್ತೇನೆ. ಲಸಿಕೆ ಪರ ಮಾತಾಡಬೇಕು ಅಂದರೆ ಮೋದಿ ಹೆಸರು ಎತ್ತಬೇಡಿ, ಜಯದೇವ ಹೆಸರು ಹೇಳಿ.

ಆದರೂ ಮೇಷ್ಟ್ರು ಬಿಡಲಿಲ್ಲ. ವರದಿಯಲ್ಲೇ ಇನ್ನೊಂದು ಸಾಲು ತೋರಿಸಿದರು. ಕಾಲು ಭಾಗದಷ್ಟು ರೋಗಿಗಳಿಗೆ ಬಿಪಿ, ಶುಗರ್, ಸಿಗರೇಟು ಇಂಥ ಮಾಮೂಲಿ ಕಾರಣ ಯಾವುದೂ ಇರಲಿಲ್ಲ. ಅದಕ್ಕೇನು ಹೇಳುತ್ತೀರಿ? ಕಾರಣ ಸಿಗದ ಜಾಗಕ್ಕೆಲ್ಲ ವ್ಯಾಕ್ಸಿನ್ ತುಂಬಬೇಡಿ ಸಾರ್ ಅಂದೆ. ‘ತುಂಬಲ್ಲ, ಆದರೆ ಖಾಲಿ ಇದೆ ಅಂತ ಒಪ್ಪಿಕೊಳ್ಳಿ’ ಅಂದರು. ಒಪ್ಪಿಕೊಂಡೆ. ಈಗಲೂ ನಾವಿಬ್ಬರು ಅಲ್ಲೇ ನಿಂತಿದ್ದೇವೆ.

ಗುಂಪಿನ ಮುಂದೆ ವಾದ ಮಾಡುವುದನ್ನು ನಾನು ಆದಷ್ಟು ತಪ್ಪಿಸಿದೆ. ನಾಲ್ಕು ಜನರ ಎದುರು ಪಕ್ಷದ ಟವೆಲ್ ಹಾಕಿಕೊಂಡವರು ಸೋಲೊಪ್ಪುವುದಿಲ್ಲ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರೇ ಬಂದು ‘ಅಲ್ಲಾ, ನಿಜ ಹೇಳಿ, ನಮಗೇನಾದರೂ ಆಗುತ್ತಾ?’ ಅಂತ ಕೇಳುತ್ತಾರೆ. ಬೆಳಿಗ್ಗೆ ಸರ್ಕಾರ ಬೀಳಿಸುವ ಹಾಗೆ ಕೂಗಾಡಿದವರೇ ಇವರು. ಅಲ್ಲಿರುವುದು ಭಯ, ಪಕ್ಷ ಅಲ್ಲ. ಆ ಹೊತ್ತಿನಲ್ಲಿ ನಾನು ಅಧ್ಯಯನದ ಮಾತೇ ಎತ್ತುವುದಿಲ್ಲ. ಎದೆನೋವು, ಎಡಗೈ ಸೆಳೆತ, ತಣ್ಣನೆ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ ಅನ್ನುತ್ತೇನೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಅದಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆ ಡಾಕ್ಟರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬಿಟ್ಟಿಯಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗಲೇ ವ್ಯಾಕ್ಸಿನ್, ಜಿಮ್ ಅಂತ ಗುಸುಗುಸು ಶುರುವಾಗಿತ್ತು. ಅವರ ಹೆಸರಲ್ಲಿ ಹೀಗೊಂದು ಕೆಲಸ ಆದದ್ದು ನನಗೆ ಸಮಾಧಾನ.

ಹಾಸನದ ಸಾವುಗಳ ಬಗ್ಗೆ ಆಮೇಲೆ ಬಂದ ವರದಿಯಲ್ಲಿ 24 ಪ್ರಕರಣ ನೋಡಿದ್ದರು. ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟದ್ದೇ ಅಲ್ಲ. ಒಂದು ರಸ್ತೆ ಅಪಘಾತ ಕೂಡ ಲೆಕ್ಕಕ್ಕೆ ಸೇರಿತ್ತು. ಸತ್ತವರಲ್ಲಿ ಆಟೋ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು. ಟಿವಿಯಲ್ಲಿ ಇದಕ್ಕೆ ಸಿಕ್ಕ ಜಾಗ ತೀರಾ ಕಮ್ಮಿ. ನನ್ನ ಪ್ರಕಾರ ಆ ವಾರಗಳಲ್ಲಿ ಸರ್ಕಾರ ಮಾಡಿದ ಒಳ್ಳೆ ತೀರ್ಮಾನ ಅಂದರೆ, ಆಸ್ಪತ್ರೆ ಹೊರಗೆ ಆಗುವ ಹಠಾತ್ ಸಾವನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದದ್ದು. ಈಗ ಯಾರಾದರೂ ‘ನೋಡಿ, ಇವರೂ ವ್ಯಾಕ್ಸಿನ್‌ನಿಂದಲೇ ಹೋದದ್ದು’ ಅಂತ ಶುರು ಮಾಡಿದರೆ, ಪೋಸ್ಟ್‌ಮಾರ್ಟಂ ಆಯಿತಾ ಅಂತ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಮನೆಯವರು ಒಪ್ಪಿರುವುದಿಲ್ಲ.